ಮಸ್ಕಿ ದೋಣಿ ತನಕ ಬರುತ್ತದೆ, ಕಚ್ಚುವುದಿಲ್ಲ. ಯಾವ ಲೂರ್ ಕೊಳ್ಳಲಿ?

ನೀವು ಬರೆದದ್ದು ಇಷ್ಟು: ಅಮೆರಿಕದ ಮಿನೆಸೋಟಾ ರಾಜ್ಯದ ಮಿನಿಯಾಪೊಲಿಸ್‌ಗೆ ಬಂದು ಎರಡು ವರ್ಷ ಆಯಿತು, ವಾಲೈ, ಸನ್‌ಫಿಶ್ ಥರದ ಇಲ್ಲಿನ ಮೀನು ಹಿಡಿಯುವುದು ಅಭ್ಯಾಸ ಆಗಿದೆ, ಹಿಂದೆ ಊರಲ್ಲಿದ್ದಾಗ ಭೀಮೇಶ್ವರಿಯಲ್ಲಿ ಮಹಶೀರ್‌ಗೂ ಗಾಳ ಹಾಕಿದ್ದೀರಿ. ಈ ಬೇಸಿಗೆ ಮಿನೆಟೊಂಕಾ ಲೇಕ್‌ನಲ್ಲಿ ಮಸ್ಕಿ ಅನ್ನುವ ದೊಡ್ಡ ಬೇಟೆಗಾರ ಮೀನಿನ ಹಿಂದೆ ಬಿದ್ದಿದ್ದೀರಿ. ದೊಡ್ಡ ಮೀನು ಲೂರ್ (ಗಾಳಕ್ಕೆ ಕಟ್ಟುವ ನಕಲಿ ಎರೆ) ಹಿಂದೆಯೇ ದೋಣಿ ತನಕ ಬಂದು, ಒಂದು ಸಲ ನೋಡಿ, ಮುಳುಗಿ ಹೋಗುತ್ತದೆ. ಯಾವ ಲೂರ್ ಕೊಂಡರೆ ಕಚ್ಚುತ್ತದೆ, ಗೈಡ್ ಬೇಕಾ ಅಂತ ಕೇಳಿದ್ದೀರಿ.

ಲೂರ್ ಕೊಳ್ಳಬೇಡಿ. ಮೀನು ಹಿಂದೆ ಬರುತ್ತಿದೆ ಅಂದರೆ ಜಾಗವೂ ಸರಿ ಇದೆ, ಲೂರೂ ಸರಿ ಇದೆ. ಒಳ್ಳೆಯ ಲೇಕ್‌ನಲ್ಲೂ ದೊಡ್ಡ ಮಸ್ಕಿ ಅಪರೂಪವೇ, ಅಂಥ ಮೀನನ್ನು ಹುಡುಕಿ ದೋಣಿ ಪಕ್ಕಕ್ಕೆ ಕರೆತಂದಿದ್ದೀರಿ ಅಂದರೆ ಕಷ್ಟದ ಕೆಲಸ ಮುಗಿದಿದೆ. ಕೆಡುತ್ತಿರುವುದು ಕೊನೆಯ ಆರೇಳು ಅಡಿಯಲ್ಲಿ. ಅಲ್ಲಿ ನೀವು ಬಹುಶಃ ಲೂರನ್ನು ಸುಮ್ನೆ ನೀರಿನಿಂದ ಎತ್ತಿಬಿಡುತ್ತಿದ್ದೀರಿ, ಇಲ್ಲವೇ ಮೀನು ಕಂಡ ಗಾಬರಿಯಲ್ಲಿ ಕೈ ನಿಲ್ಲಿಸುತ್ತಿದ್ದೀರಿ. ಎರಡರಲ್ಲಿ ಯಾವುದಾದರೂ ಮೀನು ತಿರುಗಿ ಹೋಗುತ್ತದೆ. ಓಡಿ ಹೋಗುತ್ತಿದ್ದ ಬೇಟೆ ಇದ್ದಕ್ಕಿದ್ದಂತೆ ನಿಂತು ನೋಡುವುದಿಲ್ಲ ಅಲ್ವಾ?

ಇದಕ್ಕೆ ಇರುವ ಉಪಾಯ ಫಿಗರ್ ಎಯ್ಟ್, ಅಂದರೆ ದೋಣಿ ಪಕ್ಕದಲ್ಲೇ ಲೂರನ್ನು ನೀರೊಳಗೆ ಎಂಟರ ಆಕಾರದಲ್ಲಿ ತಿರುಗಿಸುವುದು. ಹೆಸರು ಕೇಳಿರುತ್ತೀರಿ, ವಿಡಿಯೋ ಕೂಡ ನೋಡಿರುತ್ತೀರಿ, ಆದರೆ ಹೆಚ್ಚಿನವರು ಮಾಡುವುದು ಚಿಕ್ಕದಾಗಿ, ಬೇಗ ಬೇಗ, ದೋಸೆ ಹಿಟ್ಟು ತಿರುವಿದ ಹಾಗೆ. ನಾಲ್ಕು ಅಡಿ ಉದ್ದದ ಮೀನು ಅಷ್ಟು ಚಿಕ್ಕ ಜಾಗದಲ್ಲಿ ತಿರುಗಲಾರದು. ಲೂರ್ ದೋಣಿಯಿಂದ ಹತ್ತು ಹನ್ನೆರಡು ಅಡಿ ದೂರ ಇರುವಾಗಲೇ ರಾಡ್ ತುದಿಯನ್ನು ನೀರಿಗೆ ಇಳಿಸಿ. ಲೀಡರ್ (ಲೂರಿನ ಮುಂದೆ ಕಟ್ಟುವ ಗಟ್ಟಿ ದಾರ) ರಾಡ್ ತುದಿಗೆ ತಾಗುವಷ್ಟು ಸುತ್ತಬೇಡಿ, ಒಂದು ಅಡಿ ದಾರ ಹೊರಗೆ ಇರಲಿ. ಆಮೇಲೆ ರೀಲ್ ಮರೆತುಬಿಡಿ, ಎಲ್ಲ ಕೆಲಸ ರಾಡಿನದು. ಮೊದಲ ತಿರುವು ದೊಡ್ಡದಾಗಿ ಬರಲಿ, ಲೂರ್ ಸ್ವಲ್ಪ ಆಳಕ್ಕೆ ಹೋಗಲಿ, ನೇರ ದಾರಿಯಲ್ಲಿ ವೇಗ ಜಾಸ್ತಿ ಮಾಡಿ, ಮುಂದಿನ ತಿರುವಿನಲ್ಲಿ ಮತ್ತೆ ಅಗಲ. ಎಂಟರ ಆಕಾರ ಸರಿಯಾಗಿ ಬರದಿದ್ದರೂ ಚಿಂತೆ ಇಲ್ಲ, ಅಗಲವಾದ ಸೊನ್ನೆ ಹಾಕಿದರೂ ಸಾಕು, ನಿಲ್ಲಿಸದಿದ್ದರೆ ಆಯಿತು. ಸಾಮಾನ್ಯವಾಗಿ ಅದು ಹೊಡೆಯುವುದು ತಿರುವಿನಲ್ಲೇ, ಯಾಕೆಂದರೆ ಅಲ್ಲಿ ಮಾತ್ರ ಲೂರಿನ ಪಕ್ಕ ಅದರ ಬಾಯಿಗೆ ಅಡ್ಡಲಾಗಿ ಸಿಗುತ್ತದೆ.

ಇನ್ನೊಂದು ಮಾತು, ಇದನ್ನು ಮೀನು ಕಂಡಾಗ ಮಾತ್ರ ಮಾಡುವುದಲ್ಲ. ಪ್ರತಿ ಎಸೆತದ ಕೊನೆಗೂ ಮಾಡಬೇಕು, ಕೈ ನೋಯುತ್ತಿದ್ದರೂ, ಕತ್ತಲಾಗಿದ್ದರೂ, ನೀರಲ್ಲಿ ಏನೂ ಕಾಣದಿದ್ದರೂ. ಮೂರು ಅಡಿ ಕೆಳಗೆ ಹಿಂಬಾಲಿಸಿ ಬರುವ ಮಸ್ಕಿ ನಿಮಗೆ ಕಾಣುವುದೇ ಇಲ್ಲ, ಅದಕ್ಕೆ ನೀವು ಕಾಣುತ್ತೀರಿ. ನೀರಿನ ಹೊಳಪು ತಡೆಯುವ ಪೋಲರೈಸ್ಡ್ ಕನ್ನಡಕ ಇಲ್ಲದೆ ಹೋದರೆ ಅರ್ಧಕ್ಕರ್ಧ ಮೀನು ಬಂದದ್ದೇ ಗೊತ್ತಾಗುವುದಿಲ್ಲ.

ದೋಣಿ ಪಕ್ಕದಲ್ಲಿ ಕಚ್ಚಿದಾಗ ರಾಡನ್ನು ಆಕಾಶಕ್ಕೆ ಎತ್ತಬೇಡಿ. ಮೀನಿನ ತಲೆ ಎತ್ತ ಇದೆಯೋ ಅದಕ್ಕೆ ವಿರುದ್ಧವಾಗಿ ಪಕ್ಕಕ್ಕೆ ಎಳೆಯಿರಿ, ಗಟ್ಟಿಯಾಗಿ. ಅದರ ಬಾಯಿ ಮೂಳೆಯದು, ಮೆತ್ತಗೆ ಎಳೆದರೆ ಗಾಳದ ಮುಳ್ಳು ನಾಟುವುದಿಲ್ಲ. ಮಹಶೀರ್ ಅನುಭವ ಇಲ್ಲಿ ಸ್ವಲ್ಪ ಅಡ್ಡ ಬರುತ್ತದೆ. ಕಾವೇರಿಯಲ್ಲಿ ರಾಗಿ ಉಂಡೆ ಕಟ್ಟಿ, ಹರಿಯುವ ನೀರಿಗೆ ಬಿಟ್ಟು ಕೂತರೆ ಕಚ್ಚಿದ ಮೀನು ನದಿ ಹಿಡಿದು ಓಡುತ್ತದೆ, ಅದಕ್ಕೆ ದಾರ ಕೊಡುತ್ತಾ ಆಡಿಸುವುದೇ ಕಲೆ. ಮಸ್ಕಿ ಅಷ್ಟು ದೂರ ಓಡುವುದಿಲ್ಲ. ದೋಣಿ ಹತ್ತಿರವೇ ತಲೆ ಒದರುತ್ತದೆ, ನೆಗೆಯುತ್ತದೆ. ದಾರ ಸಡಿಲ ಬಿಟ್ಟ ಕ್ಷಣ ಲೂರ್ ಉಗುಳಿ ಹೋಗಿರುತ್ತದೆ.

ಈಗ ಗೇರ್ ವಿಷಯ. ಏಳು ಅಡಿಯ ವಾಲೈ ರಾಡಿನಲ್ಲೇ ಎಸೆಯುತ್ತಿದ್ದೇನೆ ಅಂತ ಬರೆದಿದ್ದೀರಿ, ಅದು ನನಗೆ ಇಷ್ಟ ಆಗಲಿಲ್ಲ. ನಿಮ್ಮ ಕೈ ನೋವಿನ ಕಾರಣಕ್ಕೆ ಅಲ್ಲ, ಮೀನಿನ ಕಾರಣಕ್ಕೆ. ತೆಳು ದಾರದಲ್ಲಿ ಅರ್ಧ ಗಂಟೆ ಆಡಿಸಿ ಸುಸ್ತು ಮಾಡಿದ ಮಸ್ಕಿ, ನೀವು ಬಿಟ್ಟ ಮೇಲೆ ಈಜಿಕೊಂಡು ಹೋದ ಹಾಗೆ ಕಂಡರೂ ಆಮೇಲೆ ಸಾಯಬಹುದು. ಎಂಟೂವರೆಯಿಂದ ಒಂಬತ್ತು ಅಡಿಯ ಹೆವಿ ರಾಡ್, ಒಳ್ಳೆಯ ಬೇಟ್‌ಕಾಸ್ಟಿಂಗ್ ರೀಲ್, 80 ಪೌಂಡ್ ಅಥವಾ ಅದಕ್ಕಿಂತ ಗಟ್ಟಿಯ ಬ್ರೇಡ್ (ಹೆಣೆದ ದಾರ), ಮುಂದೆ 100 ಪೌಂಡ್ ಮೇಲಿನ ಫ್ಲೋರೋಕಾರ್ಬನ್ ಅಥವಾ ಸ್ಟೀಲ್ ಲೀಡರ್. ಲೀಡರ್ ಇಲ್ಲದಿದ್ದರೆ ಆ ಹಲ್ಲಿಗೆ ಬ್ರೇಡ್ ಏನೂ ಅಲ್ಲ, ಕತ್ತರಿಸಿ ಹೋಗುತ್ತದೆ, ಮೀನು ಬಾಯಲ್ಲಿ ಲೂರ್ ಇಟ್ಟುಕೊಂಡೇ ಹೋಗುತ್ತದೆ. ಉದ್ದ ರಾಡ್ ಇದ್ದರೆ ಫಿಗರ್ ಎಯ್ಟ್ ಕೂಡ ತಾನಾಗಿಯೇ ದೊಡ್ಡದಾಗುತ್ತದೆ. ಲೂರಿಗೆ ಇಟ್ಟ ದುಡ್ಡು ಇಲ್ಲಿ ಹಾಕಿ. ಪೆಟ್ಟಿಗೆಯಲ್ಲಿ ಒಂದು ದೊಡ್ಡ ಬಕ್‌ಟೇಲ್ (ಕೂದಲ ಕುಚ್ಚಿನ ಲೂರ್), ಒಂದು ರಬ್ಬರ್ ಲೂರ್, ಒಂದು ನೀರ ಮೇಲೆ ಓಡುವ ಟಾಪ್‌ವಾಟರ್ ಇದ್ದರೆ ಮೊದಲ ವರ್ಷಕ್ಕೆ ಧಾರಾಳ ಸಾಕು.

ಅದಕ್ಕಿಂತ ಮೊದಲು ಬೇಕಾದದ್ದು ಬಲೆ. ಮಸ್ಕಿಗೆಂದೇ ಮಾಡಿದ, ರಬ್ಬರ್ ಲೇಪಿಸಿದ ದೊಡ್ಡ ಬಲೆ. ಮೀನು ಬಲೆಯೊಳಗೆ ಬಂದ ಮೇಲೆ ಅದನ್ನು ದೋಣಿಗೆ ಎತ್ತಬಾರದು, ಬಲೆ ಸಮೇತ ನೀರಲ್ಲೇ ಇರಬೇಕು. ಉದ್ದ ಮೂತಿಯ ಇಕ್ಕಳ, ಮುಳ್ಳು ಕತ್ತರಿಸುವ ಗಟ್ಟಿ ಕಟರ್ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ. ಮುಳ್ಳು ಬರದಿದ್ದರೆ ಕಿತ್ತಾಡಬೇಡಿ, ಕತ್ತರಿಸಿ, ಒಂದು ಹುಕ್ ಬೆಲೆ ಎಷ್ಟು ಮಹಾ. ಫೋಟೋ ಬೇಕಿದ್ದರೆ ಕ್ಯಾಮೆರಾ ಮೊದಲೇ ರೆಡಿ ಇರಲಿ, ಒಂದು ಕೈ ಕಿವಿರಿನ ಮುಚ್ಚಳದ ಕೆಳಗೆ, ಇನ್ನೊಂದು ಹೊಟ್ಟೆಯ ಕೆಳಗೆ, ಅಡ್ಡಲಾಗಿ ಹಿಡಿದು ಕೆಲವೇ ಸೆಕೆಂಡು, ವಾಪಸ್ ನೀರಿಗೆ. ಉದ್ದಕ್ಕೆ ನೇತಾಡಿಸಿ ಹಿಡಿಯುವ ಫೋಟೋ ನೋಡಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಬಾಲದ ಬುಡ ಹಿಡಿದು ನೀರಲ್ಲಿ ನೇರ ನಿಲ್ಲಿಸಿಕೊಂಡಿರಿ, ಅದು ತಾನಾಗಿಯೇ ಕೊಸರಿಕೊಂಡು ಹೋಗುತ್ತದೆ.

ಬಿಡುವುದು ಬರೀ ಶಿಷ್ಟಾಚಾರ ಅಲ್ಲ, ಕಾನೂನು ಕೂಡ. ಮಿನೆಸೋಟಾದ ಬಹುತೇಕ ನೀರಿನಲ್ಲಿ 54 ಇಂಚಿಗಿಂತ ಚಿಕ್ಕ ಮಸ್ಕಿಯನ್ನು ಇಟ್ಟುಕೊಳ್ಳುವಂತಿಲ್ಲ. ಅಷ್ಟು ಉದ್ದದ ಮೀನು ಸಿಕ್ಕಿದವರೂ ಹೆಚ್ಚಾಗಿ ಬಿಟ್ಟೇ ಬಿಡುತ್ತಾರೆ. ಮೊದಲು ಹೀಗಿರಲಿಲ್ಲ. 1955ರ ಜುಲೈನಲ್ಲಿ ಲೀಚ್ ಲೇಕ್‌ನಲ್ಲಿ ಬಿಸಿಲು ಜೋರಾಗಿದ್ದ ಕೆಲವು ದಿನ ಮಸ್ಕಿಗಳು ಹುಚ್ಚೆದ್ದಂತೆ ಕಚ್ಚಿದವು. ಸತ್ತ ಮೀನುಗಳನ್ನು ಸಾಲಾಗಿ ಜೋಡಿಸಿ ತೆಗೆದ ಫೋಟೋಗಳು ಇವತ್ತಿಗೂ ಓಡಾಡುತ್ತವೆ. 1966ರಲ್ಲಿ ಸೇಂಟ್ ಪಾಲ್‌ನಲ್ಲಿ ಮಸ್ಕೀಸ್ ಇಂಕ್ ಅನ್ನುವ ಕ್ಲಬ್ ಶುರುವಾಗಿ, ಹಿಡಿದು ಬಿಡುವ ಪದ್ಧತಿ ಬೆಳೆಸಿದ್ದರಿಂದ, ಜೊತೆಗೆ ಮರಿ ಬಿಟ್ಟು ಬೆಳೆಸಿದ್ದರಿಂದ ಇವತ್ತು ಮಿನೆಟೊಂಕಾದಂಥ ನಗರದ ಪಕ್ಕದ ಲೇಕ್‌ನಲ್ಲೂ ಮಸ್ಕಿ ಇದೆ. 1957ರ 54 ಪೌಂಡಿನ ರಾಜ್ಯ ದಾಖಲೆ ಮುರಿಯಲು 2021ರ ನವೆಂಬರ್ ತನಕ ಕಾಯಬೇಕಾಯಿತು, ಮಿಲ್ ಲ್ಯಾಕ್ಸ್ ಲೇಕ್‌ನಲ್ಲಿ ಸಿಕ್ಕಿದ ಆ ಮೀನು 55 ಪೌಂಡ್ 14.8 ಔನ್ಸ್ ತೂಗಿತು.

ಹಾಂ, ನಿಮ್ಮ ಹಿಂದೆ ಬಂದದ್ದು ಮಸ್ಕಿಯೇ ಅಂತ ಖಾತ್ರಿ ಇದೆಯಾ? ಅದೇ ನೀರಲ್ಲಿ ನಾರ್ದರ್ನ್ ಪೈಕ್ ಕೂಡ ಇರುತ್ತದೆ. ಕಡು ಮೈ ಮೇಲೆ ತಿಳಿ ಚುಕ್ಕೆ ಇದ್ದರೆ ಪೈಕ್. ತಿಳಿ ಮೈ ಮೇಲೆ ಕಡು ಪಟ್ಟೆ ಅಥವಾ ಚುಕ್ಕೆ, ಇಲ್ಲವೇ ಏನೂ ಗುರುತಿಲ್ಲದ ಮೈ ಇದ್ದರೆ ಮಸ್ಕಿ. ಕೈಗೆ ಸಿಕ್ಕಾಗ ಕೆಳದವಡೆಯ ಅಡಿಯ ಸಣ್ಣ ತೂತುಗಳನ್ನು ಎಣಿಸಿ. ಒಂದು ಬದಿಗೆ ಆರು ಅಥವಾ ಜಾಸ್ತಿ ಇದ್ದರೆ ಮಸ್ಕಿ, ಐದು ಅಥವಾ ಕಡಿಮೆ ಇದ್ದರೆ ಪೈಕ್.

ಹಿಂದೆ ಬಂದು ಕಚ್ಚದೆ ಹೋದ ಮೀನನ್ನು ಅಲ್ಲೇ ಕಾಡಬೇಡಿ. ಜಾಗವನ್ನು ಜಿಪಿಎಸ್‌ನಲ್ಲಿ ಗುರುತು ಮಾಡಿ ಮುಂದೆ ಹೋಗಿ. ದೊಡ್ಡ ಮಸ್ಕಿ ನೀರುಗಿಡಗಳ ಒಂದೇ ಅಂಚಿನಲ್ಲಿ ದಿನಗಟ್ಟಲೆ ಇರುವುದುಂಟು. ಸೂರ್ಯ ಮುಳುಗುವ ಹೊತ್ತಿಗೆ, ಅಥವಾ ಮಳೆ ಮೋಡ ಕವಿದು ಗಾಳಿ ಬದಲಾಗುವಾಗ ವಾಪಸ್ ಬನ್ನಿ, ಬೇರೆ ತರಹದ ಲೂರ್ ಹಾಕಿ. ಬಕ್‌ಟೇಲ್ ಹಿಂದೆ ಬಂದಿದ್ದರೆ ಈ ಸಲ ನಿಧಾನಕ್ಕೆ ರಬ್ಬರ್. ಚಂದ್ರ ಹುಟ್ಟುವ, ಮುಳುಗುವ ಸಮಯಕ್ಕೂ ಕಚ್ಚುತ್ತದೆ ಅಂತ ಇಲ್ಲಿ ಬಹಳ ಜನ ನಂಬುತ್ತಾರೆ, ಫೋನಲ್ಲಿ ಅದಕ್ಕೊಂದು ಪಂಚಾಂಗವೂ ಇದೆ. ನನಗೆ ಅದರ ಮೇಲೆ ಅರ್ಧ ನಂಬಿಕೆ, ಆದರೂ ನಾನು ಗುರುತು ಮಾಡಿದ ಮೀನಿನ ಹತ್ತಿರ ಆ ಹೊತ್ತಿಗೇ ಹೋಗುತ್ತೇನೆ!

ಒಂದು ಎಚ್ಚರಿಕೆ. ಜುಲೈ, ಆಗಸ್ಟ್‌ನಲ್ಲಿ ನೀರು 80 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಮಸ್ಕಿಗೆ ಹೋಗಬೇಡಿ, ವಾಲೈ ಹಿಡಿಯಿರಿ. ಬಿಸಿ ನೀರಲ್ಲಿ ಆಮ್ಲಜನಕ ಕಡಿಮೆ, ಹೋರಾಡಿದ ಮೀನು ಚೇತರಿಸಿಕೊಳ್ಳುವುದಿಲ್ಲ.

ಗೈಡ್ ಬಗ್ಗೆ: ಹೌದು, ಒಂದು ದಿನಕ್ಕೆ ಇಟ್ಟುಕೊಳ್ಳಿ, ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್‌ನಲ್ಲಿ. ನೀರು ತಣ್ಣಗಾಗಿರುತ್ತದೆ, ವಾರಾಂತ್ಯದಲ್ಲಿ ಮಿನೆಟೊಂಕಾ ತುಂಬಾ ಓಡಾಡುವ ಪಾರ್ಟಿ ದೋಣಿಗಳೂ ಕಡಿಮೆ ಆಗಿರುತ್ತವೆ. ದುಡ್ಡು ಜಾಸ್ತಿಯೇ, ಆದರೆ ಬುಕ್ ಮಾಡುವಾಗಲೇ ಹೇಳಿಬಿಡಿ: ಮೀನು ಸಿಗದಿದ್ದರೂ ಪರವಾಗಿಲ್ಲ, ಫಿಗರ್ ಎಯ್ಟ್ ಮತ್ತು ಮೀನು ಬಿಡಿಸುವುದನ್ನು ಕೈ ಹಿಡಿದು ಕಲಿಸಿ. ಕಲಿಸಲು ಒಪ್ಪದೆ ಬರೀ ಟ್ರೋಲಿಂಗ್ (ಓಡುವ ದೋಣಿಯ ಹಿಂದೆ ಲೂರ್ ಎಳೆಯುವುದು) ಮಾಡಿಸಿ ಕೂರಿಸುವವರಾದರೆ ಬೇರೆಯವರನ್ನು ನೋಡಿ.