ಫೋನ್‌ಪೇ ಬಂದ್ಮೇಲೆ ನೋಟು ಕಮ್ಮಿ ಆಗಿದ್ಯಾ? – ಪ್ರತಿಕ್ರಿಯೆ
ಇಲ್ಲ ಸರ್, ಎಲ್ರೂ ಯುಪಿಐ ಮಾಡ್ತಿದಾರೆ ಅಂದ್ರೆ ನೋಟು ಕಮ್ಮಿ ಆಗಿರ್ಬೇಕಲ್ವಾ ಅಂತ ನೀವು ಕೇಳಿದ್ದು ಸರಿಯಾದ ಪ್ರಶ್ನೇನೇ, ಆದ್ರೆ ಆಗಿರೋದು ಉಲ್ಟಾ. 2016ರ ನೋಟ್ ಬ್ಯಾನ್‌ಗೆ ಮುಂಚೆ ಚಲಾವಣೇಲಿ ಇದ್ದಿದ್ದು ಸುಮಾರು 18 ಲಕ್ಷ ಕೋಟಿ ರೂಪಾಯಿ, 2024ರ ಮಾರ್ಚ್‌ಗೆ ಹತ್ತತ್ರ 35 ಲಕ್ಷ ಕೋಟಿ. ಆದ್ರೂ ದೇಶದ ಒಟ್ಟು ದುಡ್ಡಲ್ಲಿ ಇದು ಏಳನೇ ಒಂದು ಭಾಗದಷ್ಟೇ, ಮಿಕ್ಕಿದ್ದೆಲ್ಲ ಬ್ಯಾಂಕಿನ ಲೆಕ್ಕದಲ್ಲಿರೋ ಅಂಕಿ, ನಿಮಗೆ ಬ್ಯಾಂಕು ಹೋಮ್‌ಲೋನ್ ಕೊಟ್ಟಾಗ ಅದಕ್ಕೆ ಅಂತ ಮೈಸೂರು ಪ್ರೆಸ್ಸಲ್ಲಿ ಯಾರೂ ನೋಟು ಹೊಡೆಯಲ್ಲ, ಅಕೌಂಟಲ್ಲಿ ಬರ್ಕೋತಾರೆ ಅಷ್ಟೇ. ಯುಪಿಐ ಹೊಸ ದುಡ್ಡಲ್ಲ, ಆ ಅಂಕೀನ ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟಿಸೋ ದಾರಿ.

ನಮ್ಮ ಬೀದಿ ಸೊಪ್ಪಿನಮ್ಮನ ಗಾಡೀಲಿ ಕ್ಯೂಆರ್ ಸ್ಟಿಕ್ಕರ್ ಇದೆ, ಸೆರಗಿನ ಗಂಟಲ್ಲಿ 500ರ ನೋಟೂ ಇರುತ್ತೆ. ಕರೆಂಟ್ ಹೋದ್ರೂ, ಆಸ್ಪತ್ರೆಗೆ ಓಡ್ಬೇಕಾಗಿ ಬಂದ್ರೂ ಈ ನೋಟು ಕೈಗಾಗುತ್ತೆ ಕಣಪ್ಪ ಅಂತಾರೆ. ನೋಟು ಕಮ್ಮಿ ಆಗದೆ ಇರೋದಕ್ಕೆ ಇದೂ ಒಂದು ಕಾರಣ ಅಂತ ನನಗನ್ಸುತ್ತೆ.