ಸಂಪಾದಕರ ಉತ್ತರ: ಬಿಲ್ ಕೌಂಟರಿಗೆ ಯಾರ ಮೇಲೆ ಅನುಮಾನ?

ಶಿವಮೊಗ್ಗದ ಓದುಗರೊಬ್ಬರು ಮಗಳ ಮನೆಗೆಂದು ಮ್ಯಾಂಚೆಸ್ಟರಿಗೆ ಹೋಗಿಬಂದು ನಮಗೆ ಪತ್ರ ಬರೆದಿದ್ದಾರೆ. ಅಲ್ಲಿನ ಸೂಪರ್ ಮಾರ್ಕೆಟ್‌ನಲ್ಲಿ ಗಿರಾಕಿಯೇ ಸಾಮಾನನ್ನು ಯಂತ್ರಕ್ಕೆ ತೋರಿಸಿ, ಕಾರ್ಡ್ ತಾಗಿಸಿ, ರಸೀದಿಯನ್ನು ಗೇಟಿಗೆ ಹಿಡಿದು ಹೊರಬೀಳುವುದನ್ನು ಕಂಡು ಅವರು ಬೆರಗಾಗಿದ್ದಾರೆ. ನಮ್ಮ ಮಾಲ್‌ಗಳು ಇನ್ನೂ ಜನರನ್ನು ಸಾಲಿನಲ್ಲಿ ನಿಲ್ಲಿಸುತ್ತಿವೆಯಲ್ಲ, ನಾವು ಮುಂದುವರಿಯುವುದು ಯಾವಾಗ ಎಂಬುದು ಅವರ ಪ್ರಶ್ನೆ.

ಮಾನ್ಯರೇ, ಒಂದು ಪ್ಯಾಕೆಟ್ ಹಾಲು ಹಿಡಿದುಕೊಂಡು, ತಿಂಗಳ ದಿನಸಿ ತುಂಬಿದ ಟ್ರಾಲಿಗಳ ಹಿಂದೆ ನಿಲ್ಲುವ ಸಂಕಟ ನನಗೂ ಗೊತ್ತು. ಅಂಥವರಿಗೆ ಯಂತ್ರದಿಂದ ಉಪಕಾರವಿದೆ, ಒಪ್ಪಿದೆ. ಆದರೆ ನೀವು ಅಷ್ಟು ಮೆಚ್ಚಿದ ಆ ಗೇಟಿನ ಬಗ್ಗೆ ತುಸು ಯೋಚಿಸಿ. ಹಣ ಕೊಟ್ಟವರೂ ತಾವು ಕೊಟ್ಟಿದ್ದೇವೆಂದು ರುಜುವಾತು ಮಾಡಿದ ಮೇಲೆಯೇ ಅದು ತೆರೆದುಕೊಳ್ಳುತ್ತದೆ. ನಿಮ್ಮಂಥ ಸೂಕ್ಷ್ಮ ಓದುಗರು ಅದನ್ನು ಸೌಕರ್ಯವೆಂದು ಬಗೆದದ್ದು ನನಗೆ ಆಶ್ಚರ್ಯ ತಂದಿದೆ.

ಬಿಲ್ ಕೌಂಟರಿನ ಚರಿತ್ರೆಯನ್ನು ಓದಿದಷ್ಟೂ, ಅಂಗಡಿಯ ಒಡೆಯನ ಅನುಮಾನ ಒಬ್ಬರ ಮೇಲಿಂದ ಇನ್ನೊಬ್ಬರ ಮೇಲೆ ಸರಿಯುತ್ತ ಬಂದದ್ದೇ ನನಗೆ ಕಾಣಿಸುತ್ತದೆ. ಅಮೆರಿಕದ ಓಹಾಯೋ ರಾಜ್ಯದ ಡೇಟನ್‌ನಲ್ಲಿ ಮದ್ಯದಂಗಡಿ ಇಟ್ಟಿದ್ದ ಜೇಮ್ಸ್ ರಿಟ್ಟಿ, ಕೆಲಸದವರು ಗಲ್ಲಾಪೆಟ್ಟಿಗೆಗೆ ಕೈಹಾಕುತ್ತಾರೆಂಬ ಸಂಶಯದಿಂದಲೇ ನಗದು ಯಂತ್ರವೊಂದನ್ನು ರೂಪಿಸಿ 1879ರಲ್ಲಿ ಪೇಟೆಂಟ್ ಪಡೆದ. ಅದಕ್ಕೆ ಅವನಿಟ್ಟ ಹೆಸರು 'ಭ್ರಷ್ಟನಾಗದ ಕ್ಯಾಷಿಯರ್' ಎಂದು. 1916ರಲ್ಲಿ ಅಮೆರಿಕದ್ದೇ ಇನ್ನೊಂದು ನಗರವಾದ ಮೆಂಫಿಸ್‌ನಲ್ಲಿ ಕ್ಲಾರೆನ್ಸ್ ಸಾಂಡರ್ಸ್ ತೆರೆದ ಪಿಗ್ಲಿ ವಿಗ್ಲಿ ಅಂಗಡಿಯು, ಅದುವರೆಗೆ ಗುಮಾಸ್ತರು ತೆಗೆದುಕೊಡುತ್ತಿದ್ದ ಸಾಮಾನನ್ನು ಗಿರಾಕಿಯೇ ಬುಟ್ಟಿಗೆ ಹಾಕಿಕೊಳ್ಳಲು ಬಿಟ್ಟಿತು; ಆ ಸಲಿಗೆಗೆ ಪ್ರತಿಯಾಗಿ ಒಳಹೋಗಲು ತಿರುಗುವ ಗೇಟು, ಹೊರಬರಲು ಹಣ ಕಟ್ಟಿಸಿಕೊಳ್ಳುವವರ ಮುಂದಿನ ದಾರಿ. ಇಂದು ನಾವು ಸಾಲುಗಟ್ಟುವ ಜಾಗಕ್ಕೆ ಮೂಲ ಅದೇ. 1974ರ ಜೂನ್ 26ರಂದು ಅದೇ ಓಹಾಯೋದ ಟ್ರಾಯ್ ಊರಿನ ಮಾರ್ಷ್ ಸೂಪರ್ ಮಾರ್ಕೆಟ್‌ನಲ್ಲಿ 67 ಸೆಂಟಿನ ಚೂಯಿಂಗ್ ಗಮ್ ಕಟ್ಟೊಂದರ ಬಾರ್‌ಕೋಡನ್ನು ಯಂತ್ರ ಓದಿತು. ಬೆಲೆ ನೋಡಿ ಸರಸರನೆ ಕೀಲಿ ಒತ್ತುವ ಕೈಚಳಕಕ್ಕೆ ಅಲ್ಲಿಂದಾಚೆ ಕಿಮ್ಮತ್ತು ಇಳಿಯುತ್ತ ಹೋಯಿತು. ಕೈಚಳಕ ಬೇಡವೆಂದಾದ ಮೇಲೆ ಕೈಯಾದರೂ ಏಕೆ ಬೇಕು? 1980ರ ದಶಕದಲ್ಲೇ ಗಿರಾಕಿಯ ಕೈಯಿಂದಲೇ ಬಿಲ್ ಮಾಡಿಸುವ ಯಂತ್ರಗಳ ಪ್ರಯೋಗ ಅಮೆರಿಕದಲ್ಲಿ ಶುರುವಾಗಿತ್ತು. ಕೆಲಸ ಮೇಜು ದಾಟಿ ನಮ್ಮ ಕಡೆಗೆ ಬಂದಾಗ ಅನುಮಾನವೂ ಅದರ ಬೆನ್ನಿಗೇ ಬಂತು: ಚೀಲವಿಡುವ ಜಾಗದ ಕೆಳಗೆ ಸಾಮಾನಿನ ತೂಕ ತಾಳೆ ನೋಡುವ ತಕ್ಕಡಿ, ತಲೆಯ ಮೇಲೆ ಕ್ಯಾಮೆರಾ, ಕಡೆಗೆ ನಿಮ್ಮ ಗೇಟು. ಸಂಬಳವಿಲ್ಲದೆ ಅಂಗಡಿಯ ಕೆಲಸ ಮಾಡಿಕೊಟ್ಟವರಿಗೆ ಸಿಗುವ ಮರ್ಯಾದೆ ಇದು.

ನಿಮ್ಮ ಮಗಳ ಊರಿಗೆ ಸಮೀಪದ ಪ್ರೆಸ್ಟನ್‌ನಲ್ಲಿ ಮುಖ್ಯ ಕಚೇರಿಯಿರುವ ಬೂತ್ಸ್ ಎಂಬ ಹಳೆಯ ದಿನಸಿ ಸಂಸ್ಥೆಯು, ಎರಡು ಮಳಿಗೆಗಳನ್ನು ಬಿಟ್ಟು ಉಳಿದೆಡೆಯಿಂದ ಇಂಥ ಯಂತ್ರಗಳನ್ನು ತೆಗೆದು ಮನುಷ್ಯರನ್ನೇ ಕೂರಿಸುವುದಾಗಿ 2023ರ ನವೆಂಬರಿನಲ್ಲಿ ಪ್ರಕಟಿಸಿತು. ನೆದರ್ಲೆಂಡ್ಸ್‌ನ ಜುಂಬೋ ಸರಪಣಿ ಇನ್ನೂ ಮುಂದೆ ಹೋಗಿದೆ. ಒಂಟಿತನದಿಂದ ಬಳಲುವವರನ್ನು ನೆನೆದು, ಅವಸರವಿಲ್ಲದೆ ನಾಲ್ಕು ಮಾತಾಡುತ್ತ ಬಿಲ್ ಮಾಡುವ ಹರಟೆ ಕೌಂಟರೊಂದನ್ನು ಅದು 2019ರಲ್ಲಿ ಆರಂಭಿಸಿ, ಆಮೇಲೆ 200 ಮಳಿಗೆಗಳಿಗೆ ವಿಸ್ತರಿಸುವ ಯೋಜನೆ ಹಾಕಿತು. ಮುಂದುವರಿದವರ ಮಾದರಿಯೇ ಬೇಕೆಂದರೆ ಇದನ್ನು ತನ್ನಿ, ನಾನೂ ಚಪ್ಪಾಳೆ ತಟ್ಟುತ್ತೇನೆ. ಕೌಂಟರೇ ಇಲ್ಲದ ಅಂಗಡಿಯ ಸಂಭ್ರಮವನ್ನೂ ನೋಡಿದ್ದಾಯಿತು: ಸಾಮಾನು ಎತ್ತಿಕೊಂಡು ಹಾಗೆಯೇ ನಡೆದುಬಿಡುವ ವ್ಯವಸ್ಥೆಯನ್ನು ಅಮೆಜಾನ್ 2024ರಲ್ಲಿ ಅಮೆರಿಕದ ತನ್ನ 'ಫ್ರೆಶ್' ಎಂಬ ದಿನಸಿ ಮಳಿಗೆಗಳಿಂದ ಕೈಬಿಟ್ಟಾಗ, ಅದರ ಹಿಂದೆ ಭಾರತದಲ್ಲಿ ಕುಳಿತು ಗಿರಾಕಿಗಳ ಖರೀದಿಯ ವಿಡಿಯೊ ಪರಿಶೀಲಿಸುತ್ತಿದ್ದವರ ಸುದ್ದಿ ಹೊರಬಂತು. ಅವರ ಪಾತ್ರ ಅಷ್ಟು ದೊಡ್ಡದಲ್ಲ ಎಂದು ಕಂಪನಿ ಹೇಳಿತು, ಹೇಳಲಿ.

ಇನ್ನು ನಮ್ಮ ಮಾಲ್‌ಗಳು. ಇವು ಹಿಂದುಳಿದಿಲ್ಲ, ಅನುಮಾನದಲ್ಲಂತೂ ಇಲ್ಲವೇ ಇಲ್ಲ. ಕ್ಯಾಷಿಯರ್ ಕೈಯಿಂದ ಬಿಲ್ ಪಡೆದು ಹತ್ತು ಹೆಜ್ಜೆ ಇಡುವಷ್ಟರಲ್ಲಿ, ಇಡೀ ವ್ಯವಹಾರವನ್ನು ದೂರದಿಂದ ನೋಡುತ್ತಲೇ ಇದ್ದ ಕಾವಲುಗಾರ ಅದೇ ಬಿಲ್ಲನ್ನು ಕೇಳಿ, ಚೀಲ ಇಣುಕಿ, ಠಸ್ಸೆ ಒತ್ತುತ್ತಾನೆ. ಬಿಲ್ ಮಾಡಲು ಗಿರಾಕಿಯ ಮೊಬೈಲ್ ನಂಬರಿಗೆ ಒತ್ತಾಯಿಸಕೂಡದೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲಿ ತಿಳಿವಳಿಕೆ ಕೊಟ್ಟಿದ್ದರೂ, ನಂಬರು ಹೇಳದವರನ್ನು ವಿಚಿತ್ರ ಪ್ರಾಣಿಯಂತೆ ನೋಡುವುದು ನಿಂತಿಲ್ಲ. ಅದನ್ನು ಕೇಳುವ ಹುಡುಗಿಯ ತಪ್ಪೇನೂ ಇಲ್ಲ. ಕೇಳದಿದ್ದರೆ ಅವಳಿಗೆ ಮೇಲಿನವರಿಂದ ಬೈಗುಳ.

ಆ ಹುಡುಗಿ ಹೊತ್ತುಗಟ್ಟಲೆ ನಿಂತೇ ಇರುತ್ತಾಳೆ ಎಂಬುದನ್ನು ನಿಮ್ಮ ಪತ್ರ ಎಲ್ಲಿಯೂ ಹೇಳುವುದಿಲ್ಲ, ಸಾಲಿನಲ್ಲಿ ನಿಂತ ನಿಮ್ಮ ಕಾಲುನೋವನ್ನು ಮಾತ್ರ ಹೇಳುತ್ತದೆ. ಕೋಯಿಕ್ಕೋಡಿನ ಅಂಗಡಿಗಳ ಹೆಣ್ಣುಮಕ್ಕಳು ಕೂರುವ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದ ಮೇಲೆ ಕೇರಳ 2018ರಲ್ಲಿ ಕಾನೂನು ತಿದ್ದಿ ಅವರಿಗೆ ಆಸನ ಕೊಡಿಸಿತು. 2021ರಲ್ಲಿ ತಮಿಳುನಾಡು ಅದೇ ದಾರಿ ಹಿಡಿಯಿತು. ಯಂತ್ರ ಯಾವಾಗ ಬರುತ್ತದೆಂದು ಕೇಳುವ ಬದಲು, ನಿಮ್ಮೂರಿನ ದೊಡ್ಡ ಅಂಗಡಿಗಳಲ್ಲಿ ಬಿಲ್ ಮಾಡುವವರಿಗೆ ಒಂದು ಸ್ಟೂಲಾದರೂ ಇದೆಯೇ ಎಂದು ನೋಡಿ ಬರೆಯಿರಿ. ಆ ಪತ್ರವನ್ನು ಒಂದಕ್ಷರ ಕತ್ತರಿಸದೆ ಅಚ್ಚುಹಾಕುತ್ತೇನೆ.