ಚಾರ್ಟರ್ ಸ್ಕೂಲಿಗೆ ಸರ್ಕಾರಿ ಗ್ರಾಂಟ್: ಅರ್ಜಿಗಿಂತ ಮುಂಚೆ ಲೆಕ್ಕ ಬರೆಯೋರು ಯಾರು ಅಂತ ನೋಡಿ

ಈ ಸಲದ ಪ್ರಶ್ನೆಗಳೆಲ್ಲ ಅಮೆರಿಕದಲ್ಲಿರೋ ನಮ್ಮವರದ್ದು, ಎಲ್ಲವೂ ಚಾರ್ಟರ್ ಸ್ಕೂಲ್ ಗ್ರಾಂಟ್ ಬಗ್ಗೆನೇ. ಊರಲ್ಲಿ ಕೂತು ಓದ್ತಿರೋರಿಗೆ ಮೊದಲೇ ಎರಡು ಮಾತು ಹೇಳ್ಬಿಡ್ತೀನಿ. ಚಾರ್ಟರ್ ಸ್ಕೂಲ್ ಅಂದ್ರೆ ಪ್ರೈವೇಟ್ ಸ್ಕೂಲ್ ಅಲ್ಲ, ಫೀಸ್ ಇಲ್ಲದೆ ಸರ್ಕಾರದ ದುಡ್ಡಲ್ಲಿ ನಡೆಯೋ ಸ್ಕೂಲು, ಆದ್ರೆ ನಡೆಸೋದು ಊರಿನ ಸರ್ಕಾರಿ ಸ್ಕೂಲುಗಳನ್ನ ನೋಡ್ಕೊಳ್ಳೋ ಸ್ಕೂಲ್ ಡಿಸ್ಟ್ರಿಕ್ಟ್ ಅಲ್ಲ, ಒಂದು ಸ್ವತಂತ್ರ ಬೋರ್ಡು, ಮಕ್ಕಳಿಗೆ ಇಷ್ಟು ಕಲಿಸ್ತೀವಿ ಅಂತ ಒಪ್ಪಂದ ಬರ್ಕೊಟ್ಟು ನಡೆಸ್ತಾರೆ, ಮಾತು ಉಳಿಸ್ಕೊಳ್ಳದಿದ್ರೆ ಸ್ಕೂಲ್ ಮುಚ್ಚಿಸಬಹುದು. ಇದಕ್ಕೆ ಮೊದಲು ಕಾನೂನು ಮಾಡಿದ್ದು ಮಿನೆಸೋಟಾ ರಾಜ್ಯ, 1991ರಲ್ಲಿ, ಮೊದಲ ಸ್ಕೂಲ್ ಶುರುವಾಗಿದ್ದು ಅಲ್ಲೇ ಸೇಂಟ್ ಪಾಲ್‌ನಲ್ಲಿ 1992ರಲ್ಲಿ. ನಮ್ಮ ಅನುದಾನಿತ ಶಾಲೆಗಳಲ್ಲಿ ಮೇಷ್ಟ್ರ ಸಂಬಳ ಸರ್ಕಾರವೇ ಕೊಡತ್ತಲ್ಲ, ಇಲ್ಲಿ ಹಾಗಿಲ್ಲ, ಒಂದು ಮಗುವಿಗೆ ಇಷ್ಟು ಅಂತ ರಾಜ್ಯದ ದುಡ್ಡು ಬರತ್ತೆ, ಬೋರ್ಡಿಗೆ ಪ್ರಾಪರ್ಟಿ ಟ್ಯಾಕ್ಸ್ ಹಾಕೋ ಅಧಿಕಾರ ಇಲ್ಲ, ಹಾಗಾಗಿ ಸಾಲದೇ ಬಂದಿದ್ದಕ್ಕೆಲ್ಲ ಗ್ರಾಂಟ್ ಹುಡುಕ್ಕೊಂಡು ಹೋಗ್ಬೇಕು.

ಪ್ರಶ್ನೆ: ಮೇಡಂ ನಮಸ್ಕಾರ. ಟೆಕ್ಸಸ್‌ನಲ್ಲಿದೀವಿ. ನಮ್ಮ ಏರಿಯಾದಲ್ಲಿ ಹೊಸ ಚಾರ್ಟರ್ ಸ್ಕೂಲ್ ಶುರು ಮಾಡ್ತಿರೋ ಗುಂಪಲ್ಲಿ ನಾನೂ ಬೋರ್ಡ್ ಮೆಂಬರ್. ಸ್ಕೂಲ್ ಶುರು ಮಾಡೋಕೆ ಫೆಡರಲ್ ಸರ್ಕಾರ ದುಡ್ಡು ಕೊಡತ್ತೆ ಅಂತಾರೆ, ನಿಜಾನಾ? ಒಬ್ಬ ಕನ್ಸಲ್ಟೆಂಟ್ ಅರ್ಜಿ ನಾನೇ ಬರೀತೀನಿ, ಬಂದ ಗ್ರಾಂಟಲ್ಲಿ ಪರ್ಸೆಂಟೇಜ್ ಕೊಟ್ರೆ ಸಾಕು ಅಂತಿದಾರೆ.

ಉತ್ತರ: ಕೊಡತ್ತೆ. ಚಾರ್ಟರ್ ಸ್ಕೂಲ್ಸ್ ಪ್ರೋಗ್ರಾಂ ಅಂತ, ಸಿಎಸ್‌ಪಿ ಅಂತಾರೆ, 1994ರಿಂದ ಇದೆ. ಕೆಲವು ವರ್ಷ ಇದಕ್ಕೆ ವರ್ಷಕ್ಕೆ 440 ಮಿಲಿಯನ್ ಡಾಲರ್ ಇಡ್ತಿದ್ರು, 2025ರಲ್ಲಿ 500 ಮಿಲಿಯನ್‌ಗೆ ಏರಿಸಿದ್ರು. ಆದ್ರೆ ಈ ದುಡ್ಡು ಎರಡು ದಾರೀಲಿ ಬರತ್ತೆ, ತುಂಬಾ ಜನ ಎಡವೋದು ಇಲ್ಲೇ. ನಿಮ್ಮ ರಾಜ್ಯ ವಾಷಿಂಗ್ಟನ್‌ನಿಂದ, ಅಂದ್ರೆ ಅಲ್ಲಿನ ಕೇಂದ್ರ ಸರ್ಕಾರವಾದ ಫೆಡರಲ್ ಸರ್ಕಾರದಿಂದ, ದೊಡ್ಡ ಗ್ರಾಂಟ್ ತಗೊಂಡಿದ್ರೆ ನೀವು ಅರ್ಜಿ ಹಾಕ್ಬೇಕಾಗಿದ್ದು ರಾಜ್ಯಕ್ಕೆ, ಅವರು ಅದರಲ್ಲಿ ಸಬ್‌ಗ್ರಾಂಟ್ ಕೊಡ್ತಾರೆ. ರಾಜ್ಯದ ಹತ್ರ ಆ ಗ್ರಾಂಟ್ ಇಲ್ಲ ಅಂದಾಗ ಮಾತ್ರ ಡೆವಲಪರ್ (ಹೊಸ ಸ್ಕೂಲ್ ಶುರು ಮಾಡೋರು) ಗ್ರಾಂಟ್ ಅಂತ ನೇರವಾಗಿ ಫೆಡರಲ್ ಶಿಕ್ಷಣ ಇಲಾಖೆಗೆ ಹಾಕಬಹುದು. ಮೊದಲು ರಾಜ್ಯದ ಶಿಕ್ಷಣ ಇಲಾಖೆಗೆ ಒಂದು ಫೋನ್ ಮಾಡಿ ಇದನ್ನ ಖಚಿತ ಮಾಡ್ಕೊಳ್ಳಿ, ಅಲ್ಲೀವರೆಗೂ ಒಂದು ಪುಟಾನೂ ಬರೀಬೇಡಿ.

ಈ ದುಡ್ಡು ಸ್ಕೂಲ್ ನಡೆಸೋಕಲ್ಲ, ಶುರು ಮಾಡೋಕೆ. ಗ್ರಾಂಟ್ ಐದು ವರ್ಷ ದಾಟೋ ಹಾಗಿಲ್ಲ, ಅದರಲ್ಲಿ ಪ್ಲಾನಿಂಗಿಗೆ ಹೆಚ್ಚಂದ್ರೆ 18 ತಿಂಗಳು. ಪ್ಲಾನಿಂಗ್ ಟೈಮಲ್ಲಿ ಪ್ರಿನ್ಸಿಪಾಲ್‌ಗೆ ಟೀಚರ್‌ಗಳಿಗೆ ಸಂಬಳ ಕೊಡಬಹುದು, ಟ್ರೈನಿಂಗ್, ಪುಸ್ತಕ, ಬೆಂಚು, ಲ್ಯಾಪ್‌ಟಾಪ್, ಸಣ್ಣಪುಟ್ಟ ರಿಪೇರಿ ಇವೆಲ್ಲ ಮಾಡಿಸಬಹುದು, ಮಕ್ಕಳನ್ನ ಕರ್ಕೊಂಡು ಬರೋ ಬಸ್ಸಿನ ಶುರುವಾತಿನ ಖರ್ಚೂ ಆಗತ್ತೆ, ಆದ್ರೆ ಹೊಸ ಕಟ್ಟಡ ಕಟ್ಟೋ ಹಾಗಿಲ್ಲ. ಎರಡನೇ ಮೂರನೇ ವರ್ಷದ ಮಾಮೂಲಿ ಸಂಬಳಾನ ಇದರ ಮೇಲೆ ಹಾಕ್ಕೊಂಡು ಬಜೆಟ್ ಮಾಡಿರೋ ಗುಂಪುಗಳನ್ನ ನಾನು ನೋಡಿದೀನಿ, ಗ್ರಾಂಟ್ ಮುಗಿದ ವರ್ಷ ಟೀಚರ್‌ಗಳನ್ನ ಮನೆಗೆ ಕಳಿಸ್ಬೇಕಾಗತ್ತೆ, ಆ ಮಕ್ಕಳ ಗತಿ ಏನು ಹೇಳಿ. ಅದಕ್ಕೆ ನಾನು ಬೋರ್ಡಿಗೆ ಕೇಳೋ ಮೊದಲ ಪ್ರಶ್ನೆ ಒಂದೇ, ಈ ಗ್ರಾಂಟ್ ಸೊನ್ನೆ ಆದ ವರ್ಷದ ಬಜೆಟ್ ತೋರಿಸಿ ಅಂತ.

ರಿಜಿಸ್ಟ್ರೇಷನ್ ಈಗಲೇ ಶುರು ಮಾಡಿ. ಸ್ಯಾಮ್ ಡಾಟ್ ಗವ್ ಅನ್ನೋ ಫೆಡರಲ್ ಸರ್ಕಾರದ ವೆಬ್‌ಸೈಟಲ್ಲಿ ನಿಮ್ಮ ಸಂಸ್ಥೆಗೆ ಯುಇಐ ಅನ್ನೋ ನಂಬರ್ ತಗೋಬೇಕು, ಹಳೇ ಡನ್ಸ್ ನಂಬರ್ 2022ರ ಏಪ್ರಿಲ್‌ನಿಂದ ನಡೆಯಲ್ಲ. ನೇರವಾಗಿ ವಾಷಿಂಗ್ಟನ್‌ಗೆ ಅರ್ಜಿ ಹಾಕೋದಾದ್ರೆ ಪೂರ್ತಿ ರಿಜಿಸ್ಟ್ರೇಷನ್ ಆಗ್ಬೇಕು, ಅದನ್ನ ಪ್ರತಿ ವರ್ಷ ರಿನ್ಯೂ ಮಾಡಿಸ್ಬೇಕು. ಇದೆಲ್ಲ ಪೂರ್ತಿ ಫ್ರೀ, ನಾವು ಮಾಡಿಕೊಡ್ತೀವಿ ಇಷ್ಟು ಡಾಲರ್ ಕಟ್ಟಿ ಅಂತ ಈಮೇಲ್ ಬಂದ್ರೆ ಡಿಲೀಟ್ ಮಾಡಿ. ಸಂಸ್ಥೆ ಹೆಸರು ಟ್ಯಾಕ್ಸ್ ಆಫೀಸಲ್ಲಿ ಒಂಥರ, ಇಲ್ಲಿ ಒಂಥರ ಇದ್ರೆ ವಾರಗಟ್ಟಲೆ ಅಲ್ಲೇ ನಿಂತ್ಹೋಗತ್ತೆ, ಕೊನೇ ದಿನ ಕೂತ್ರೆ ಆಗೋ ಕೆಲಸ ಅಲ್ಲ ಇದು.

ಇನ್ನೊಂದು, ಇದು ಸಿಎಸ್‌ಪಿಗೆ ಸಂಬಂಧ ಇಲ್ಲ ಆದ್ರೂ ಹೊಸ ಸ್ಕೂಲಿನೋರು ಮರೀಲೇಬಾರದು. ಟೈಟಲ್ ಒನ್ (ಬಡ ಮಕ್ಕಳು ಜಾಸ್ತಿ ಇರೋ ಸ್ಕೂಲಿಗೆ ಬರೋ ಫೆಡರಲ್ ದುಡ್ಡು), ಸ್ಪೆಷಲ್ ಎಜುಕೇಷನ್ ಥರದ, ಮಕ್ಕಳ ಲೆಕ್ಕದ ಸೂತ್ರದ ಮೇಲೆ ಹಂಚೋ ಫಾರ್ಮುಲಾ ದುಡ್ಡು ಮೊದಲ ವರ್ಷವೇ ಸಿಗ್ಬೇಕು ಅಂದ್ರೆ ಸ್ಕೂಲ್ ಶುರುವಾಗೋ ತಾರೀಖಿಗಿಂತ ಕನಿಷ್ಠ 120 ದಿನ ಮುಂಚೆ ರಾಜ್ಯದ ಶಿಕ್ಷಣ ಇಲಾಖೆಗೆ ಲಿಖಿತವಾಗಿ ತಿಳಿಸ್ಬೇಕು. ತಿಳಿಸಿದ್ರೆ ಶುರುವಾದ ಐದು ತಿಂಗಳೊಳಗೆ ನಿಮ್ಮ ಪಾಲು ಕೊಡ್ಬೇಕು ಅಂತ ಫೆಡರಲ್ ಕಾನೂನಲ್ಲೇ ಇದೆ. ಒಂದು ಕಾಗದ ಬರೆಯೋದು ಬಿಟ್ಟಿದ್ದಕ್ಕೆ ಬಡ ಮಕ್ಕಳ ಪಾಲಿನ ದುಡ್ಡು ತಡವಾಗೋದು ನೋಡಿದ್ರೆ ಹೊಟ್ಟೆ ಉರಿಯತ್ತೆ.

ಕನ್ಸಲ್ಟೆಂಟ್ ವಿಷಯ: ಬೇಡ. ಪರ್ಸೆಂಟೇಜ್ ಲೆಕ್ಕದಲ್ಲಿ ಕೆಲಸ ಮಾಡೋದು ಈ ವೃತ್ತಿಯೋರ ಸಂಘದ ನೀತಿ ಸಂಹಿತೆಗೇ ವಿರುದ್ಧ, ಮತ್ತೆ ಬಂದ ಗ್ರಾಂಟಿಂದ ಆ ಕಮಿಷನ್ ಕಟ್ಟೋಕಾಗಲ್ಲ, ನಿಮ್ಮ ಬೇರೆ ದುಡ್ಡಿಂದ ಕಟ್ಬೇಕಾಗತ್ತೆ. ಗಂಟೆಗಿಷ್ಟು ಅಥವಾ ಒಟ್ಟು ಇಷ್ಟು ಅಂತ ಮಾತಾಡ್ಕೊಂಡು ಸಹಾಯ ತಗೊಳ್ಳಿ, ಆದ್ರೆ ಬರವಣಿಗೆ ನಿಮ್ಮೋರ ಕೈಲೇ ಇರ್ಲಿ, ಹೊರಗಿನೋರು ಬರೆದ ಚೆಂದದ ಅರ್ಜೀಲಿ ಏನೇನು ಮಾತು ಕೊಟ್ಟಿದಾರೆ ಅಂತ ಪ್ರಿನ್ಸಿಪಾಲ್‌ಗೇ ಗೊತ್ತಿರಲ್ಲ, ಆಮೇಲೆ ಅದನ್ನ ಮಾಡಿ ತೋರಿಸ್ಬೇಕಾಗಿರೋದು ಅವರೇ.

ಪ್ರಶ್ನೆ: ನ್ಯೂಜೆರ್ಸಿಯಿಂದ ಬರೀತಿದೀನಿ. ಐಟಿ ಕೆಲಸ, ಬಿಡುವಲ್ಲಿ ನಮ್ಮ ಚಾರ್ಟರ್ ಸ್ಕೂಲ್ ಬೋರ್ಡಿನ ಖಜಾಂಚಿ. ಗ್ರಾಂಟ್ ಮಂಜೂರಾಗಿದೆ ಅಂತ ಪತ್ರ ಬಂದು ತಿಂಗಳುಗಳಾಯ್ತು, ಬ್ಯಾಂಕಲ್ಲಿ ಮಾತ್ರ ಏನೂ ಬಂದಿಲ್ಲ, ಪೇರೋಲ್ ಹತ್ರ ಬಂದಾಗೆಲ್ಲ ನಿದ್ದೆ ಬರಲ್ಲ. ಏನು ತಪ್ಪಾಗಿದೆ?

ಉತ್ತರ: ಬಹುಶಃ ಏನೂ ತಪ್ಪಾಗಿಲ್ಲ ಸರ್, ದುಡ್ಡು ಬರೋ ರೀತಿನೇ ಹಾಗೆ. ಮಂಜೂರು ಪತ್ರ ಅಂದ್ರೆ ಇಷ್ಟರ ತನಕ ಖರ್ಚು ಮಾಡಿದ್ರೆ ವಾಪಸ್ ಕೊಡ್ತೀವಿ ಅನ್ನೋ ಭರವಸೆ ಅಷ್ಟೇ. ನೀವು ಮೊದಲು ಸಂಬಳ ಕೊಟ್ಟು, ಬಿಲ್ ಕಟ್ಟಿ, ಆಮೇಲೆ ರಾಜ್ಯದ ಗ್ರಾಂಟ್ ಸಿಸ್ಟಮ್‌ನಲ್ಲಿ ರೀಇಂಬರ್ಸ್‌ಮೆಂಟ್ ಕ್ಲೇಮ್ ಹಾಕ್ಬೇಕು. ಮೊದಲು ನೋಡ್ಬೇಕಾಗಿದ್ದು ನಿಮ್ಮ ಆಫೀಸಿನೋರು ಕ್ಲೇಮ್ ಹಾಕಿದಾರಾ ಅಂತ. ಎಷ್ಟೋ ಕಡೆ ಬಿಸಿನೆಸ್ ಮ್ಯಾನೇಜರ್ ಒಬ್ಬರೇ ಇರ್ತಾರೆ, ಊಟದ ಲೆಕ್ಕನೂ ಅವರೇ, ಬಸ್ಸೂ ಅವರೇ, ಕ್ಲೇಮ್ ಆಮೇಲೆ ಒಟ್ಟಿಗೆ ಹಾಕೋಣ ಅಂತ ಬಿಟ್ಟಿರ್ತಾರೆ. ಪ್ರತಿ ತಿಂಗಳು ಲೆಕ್ಕದ ಪುಸ್ತಕ ಕ್ಲೋಸ್ ಆದ ವಾರವೇ ಕ್ಲೇಮ್ ಹೋಗ್ಬೇಕು ಅಂತ ಬೋರ್ಡಲ್ಲಿ ನಿರ್ಣಯ ಮಾಡಿ, ಪ್ರತಿ ಮೀಟಿಂಗಲ್ಲೂ ಒಂದೇ ಪುಟದ ಶೀಟ್ ಕೇಳಿ: ಯಾವ ಗ್ರಾಂಟು, ಮಂಜೂರಾಗಿದ್ದು ಎಷ್ಟು, ಖರ್ಚಾಗಿದ್ದು ಎಷ್ಟು, ಕ್ಲೇಮ್ ಹಾಕಿದ್ದು ಎಷ್ಟು, ಬಂದಿದ್ದು ಎಷ್ಟು, ಕೊನೇ ತಾರೀಖು ಯಾವಾಗ. ಖರ್ಚಿಗೂ ಕ್ಲೇಮಿಗೂ ನಡುವಿನ ಅಂತರ ತಿಂಗಳಿಂದ ತಿಂಗಳಿಗೆ ಬೆಳೀತಿದ್ರೆ ನಿಮ್ಮ ನಿದ್ದೆ ಹೋಗ್ತಿರೋ ಕಾರಣ ಅದೇ.

ಬ್ಯಾಂಕಿಂದ ಲೈನ್ ಆಫ್ ಕ್ರೆಡಿಟ್ ತಗೊಂಡು ತೂಗಿಸಬಹುದು, ಆದ್ರೆ ಪೇರೋಲಿಗೆ ಅಂತ ತಗೊಂಡ ಸಾಲದ ಬಡ್ಡೀನ ಫೆಡರಲ್ ಗ್ರಾಂಟಿಗೆ ಹಾಕೋ ಹಾಗಿಲ್ಲ, ಅದು ನಿಮ್ಮ ಸ್ವಂತ ದುಡ್ಡಿಂದಾನೇ ಹೋಗತ್ತೆ. ಹಾಗಾಗಿ ಅರ್ಜಿ ಹಾಕೋ ಮುಂಚೆನೇ ಹನ್ನೆರಡು ತಿಂಗಳ ಕ್ಯಾಶ್ ಫ್ಲೋ ಹಾಕಿ, ಈ ಗ್ರಾಂಟಿನ ಖರ್ಚನ್ನ ಮೂರು ತಿಂಗಳು ಕೈಯಿಂದ ಹಾಕೋ ಶಕ್ತಿ ಇದೆಯಾ ನೋಡಿ. ಇಲ್ಲ ಅಂದ್ರೆ ಚಿಕ್ಕ ಗ್ರಾಂಟಿಗೆ ಹಾಕಿ. ಗ್ರಾಂಟ್ ಸಿಕ್ಕಿದ್ದಕ್ಕೇ ಸ್ಕೂಲ್ ದಿವಾಳಿ ಅಂಚಿಗೆ ಹೋಗೋದು ಕೇಳೋಕೆ ವಿಚಿತ್ರ ಅನ್ನಿಸಬಹುದು, ಆದ್ರೆ ಆಗತ್ತೆ.

ರಾಜಕೀಯದಿಂದಲೂ ತಡ ಆಗಬಹುದು ಅಂತ ಲೆಕ್ಕ ಇಟ್ಕೊಳ್ಳಿ. 2025ರ ಜುಲೈ 1ಕ್ಕೆ ಬರ್ಬೇಕಾಗಿದ್ದ ಟೀಚರ್ ಟ್ರೈನಿಂಗು, ಇಂಗ್ಲಿಷ್ ಕಲಿಯೋ ಮಕ್ಕಳು, ಸ್ಕೂಲ್ ಬಿಟ್ಟಮೇಲಿನ ಕ್ಲಾಸು ಇವುಗಳ ಸುಮಾರು 7 ಬಿಲಿಯನ್ ಡಾಲರ್‌ನ ಫೆಡರಲ್ ಸರ್ಕಾರ ತಡೆಹಿಡಿದಿತ್ತು, ಆ ತಿಂಗಳ ಕೊನೇಲಿ ಬಿಡುಗಡೆ ಮಾಡಿದ್ರು. ಟೈಟಲ್ ಒನ್ ಮುಖ್ಯ ದುಡ್ಡು ಅದರಲ್ಲಿ ಸೇರಿರ್ಲಿಲ್ಲ, ಆದ್ರೂ ಆ ನಾಲ್ಕು ವಾರ ಕೈಯಲ್ಲಿ ಕಾಸಿಲ್ಲದ ಸ್ಕೂಲ್‌ಗಳು ಯಾರನ್ನ ಕೆಲಸಕ್ಕೆ ತಗೊಳ್ಳೋದು ಬಿಡೋದು ಅಂತ ಒದ್ದಾಡಿದ್ವು. ಸಮಾಧಾನದ ವಿಷಯ ಅಂದ್ರೆ ಫಾರ್ಮುಲಾ ಗ್ರಾಂಟುಗಳನ್ನ ಖರ್ಚಿಗೆ ಹಚ್ಚೋಕೆ ಕಾನೂನು ಪ್ರಕಾರ 27 ತಿಂಗಳ ತನಕ ಟೈಮ್ ಸಿಗತ್ತೆ, ಆದ್ರೆ ಉಳಿದ ದುಡ್ಡನ್ನ ಮುಂದಿನ ವರ್ಷಕ್ಕೆ ಒಯ್ಯೋಕೆ ನಿಮ್ಮ ರಾಜ್ಯದ ನಿಯಮ ಏನಿದೆ ಅಂತ ಕೇಳ್ಕೊಂಡೇ ಮುಂದುವರೀರಿ.

ಪ್ರಶ್ನೆ: ನಾನು ಚಾರ್ಟರ್ ಸ್ಕೂಲಲ್ಲಿ ರೀಡಿಂಗ್ ಟೀಚರ್. ನನ್ನ ಅರ್ಧ ಸಂಬಳ ಟೈಟಲ್ ಒನ್‌ನಿಂದ ಅಂತೆ. ಈಗ ಆಡಿಟ್ ಬರತ್ತೆ ಅಂತ ಹೋದ ಆಗಸ್ಟಿಂದ ಇಲ್ಲೀವರೆಗಿನ ಟೈಮ್ ಶೀಟ್‌ಗಳನ್ನ ಒಂದೇ ದಿನ ಕೊಟ್ಟು ಹಳೇ ತಾರೀಖು ಹಾಕಿ ಸೈನ್ ಮಾಡಿ ಅಂತಿದಾರೆ. ಮಾಡ್ಲಾ ಮೇಡಂ? ಭಯ ಆಗ್ತಿದೆ.

ಉತ್ತರ: ಹಳೇ ತಾರೀಖು ಹಾಕಿ ಖಂಡಿತ ಸೈನ್ ಮಾಡ್ಬೇಡಿ ಅಮ್ಮ. ಫೆಡರಲ್ ದುಡ್ಡಿಂದ ಸಂಬಳ ಕೊಟ್ಟ ಮೇಲೆ ಆ ವ್ಯಕ್ತಿ ನಿಜವಾಗಿ ಆ ಕೆಲಸಾನೇ ಮಾಡಿದ್ರು ಅಂತ ತೋರಿಸೋ ದಾಖಲೆ ಇರ್ಬೇಕು, ಬಜೆಟ್‌ನಲ್ಲಿ ಅರ್ಧ ಅಂತ ಬರೆದಿದ್ವಿ ಅನ್ನೋದು ದಾಖಲೆ ಅಲ್ಲ. ನಿಮ್ಮ ಒಂದು ವಾರವನ್ನೇ ತಗೊಳ್ಳಿ. ಬೆಳಿಗ್ಗೆ ಹೊತ್ತು ಟೈಟಲ್ ಒನ್ ಮಕ್ಕಳ ಚಿಕ್ಕ ಗುಂಪಿಗೆ ಓದಿಸ್ತೀರಿ, ಮಧ್ಯಾಹ್ನ ಮೂರನೇ ಕ್ಲಾಸಿಗೆ ಮಾಮೂಲಿ ಪಾಠ. ಗುರುವಾರ ಬೆಳಿಗ್ಗೆ ಬೇರೆ ಟೀಚರ್ ರಜ ಹಾಕಿದ್ರು, ನಿಮ್ಮನ್ನ ಅವರ ಕ್ಲಾಸಿಗೆ ಕಳಿಸಿದ್ರು, ಗುಂಪು ನಡೀಲಿಲ್ಲ. ಹಾಗಿದ್ರೆ ಆ ಗುರುವಾರದ ಬೆಳಗಿನ ಗಂಟೆಗಳು ಟೈಟಲ್ ಒನ್‌ಗೆ ಸೇರಲ್ಲ. ಇಂಥ ಗುರುವಾರ ಅಪರೂಪಕ್ಕೆ ಬಂದ್ರೆ ಸರಿ, ವಾರ ವಾರ ಬರ್ತಿದ್ರೆ ಅರ್ಧ ಅನ್ನೋದು ಸುಳ್ಳಾಗತ್ತೆ, ಸ್ಕೂಲು ಲೆಕ್ಕ ತಿದ್ದಿ ಆ ಪಾಲನ್ನ ರಾಜ್ಯದ ದುಡ್ಡಿಗೆ ವರ್ಗ ಮಾಡ್ಬೇಕು.

ಈಗ ಏನ್ಮಾಡ್ಬೇಕು ಅಂದ್ರೆ, ನಿಮ್ಮ ಹತ್ರ ಇರೋ ಟೈಮ್‌ಟೇಬಲ್, ಗುಂಪಿನ ಹಾಜರಿ, ಕ್ಯಾಲೆಂಡರ್, ಸಬ್‌ಸ್ಟಿಟ್ಯೂಟ್ ಆಗಿ ಹೋದ ದಿನಗಳ ಈಮೇಲ್ ಎಲ್ಲಾ ಒಟ್ಟು ಮಾಡಿ, ಅದರ ಆಧಾರದ ಮೇಲೆ ಇಂತಿಂಥ ತಿಂಗಳಲ್ಲಿ ಇಷ್ಟಿಷ್ಟು ಕೆಲಸ ಮಾಡಿದೀನಿ ಅಂತ ಬರೆದು, ಕೆಳಗೆ ಇವತ್ತಿನ ತಾರೀಖೇ ಹಾಕಿ ಸೈನ್ ಮಾಡ್ತೀನಿ ಅಂತ ಹೇಳಿ. ತಡವಾಗಿ ಬರೆದ ನಿಜವಾದ ದಾಖಲೆಗೆ ಆಡಿಟರ್ ಒಂದು ಟಿಪ್ಪಣಿ ಬರೀಬಹುದು, ಹಳೇ ತಾರೀಖು ಹಾಕಿದ್ದು ಸಿಕ್ಕಿಬಿದ್ರೆ ಅದು ಸುಳ್ಳು ದಾಖಲೆ ಕೊಟ್ಟ ಅಪರಾಧದ ಮಟ್ಟಕ್ಕೆ ಹೋಗತ್ತೆ, ಸೈನ್ ಇರೋದು ನಿಮ್ಮದು. ಒತ್ತಾಯ ಮಾಡಿದ್ರೆ ಬೋರ್ಡಿಗೆ ಬರವಣಿಗೇಲಿ ತಿಳಿಸಿ. ಫೆಡರಲ್ ಗ್ರಾಂಟ್ ದುಡ್ಡಿನ ದುರುಪಯೋಗ ತಿಳಿಸಿದ ನೌಕರರಿಗೆ ಕಾನೂನಿನ ರಕ್ಷಣೆ ಇದೆ, ಚಾರ್ಟರ್ ಸ್ಕೂಲ್ ನೌಕರರಿಗೂ ಅದು ಸಿಗತ್ತೆ. ವೀಸಾ ಮೇಲೆ ಇದ್ದೀರಾದ್ರೆ ಮೊದಲು ಒಬ್ಬ ವಕೀಲರ ಹತ್ರ ಮಾತಾಡಿ, ಇದು ಒಬ್ಬರೇ ತಲೆಮೇಲೆ ಹೊತ್ಕೊಳ್ಳೋ ವಿಷಯ ಅಲ್ಲ.

ಪ್ರಶ್ನೆ: ಕ್ಯಾಲಿಫೋರ್ನಿಯಾ. ಗ್ರಾಂಟಲ್ಲಿ ಕ್ರೋಮ್‌ಬುಕ್ ತಗೋಬೇಕು, ನಮ್ಮ ಬೋರ್ಡ್ ಮೆಂಬರ್ ಒಬ್ಬರ ಭಾವಮೈದನ ಅಂಗಡೀಲಿ ಒಳ್ಳೇ ರೇಟ್ ಸಿಗತ್ತೆ. ತೊಂದ್ರೆ ಇದೆಯಾ? ಆಡಿಟ್ ನಮಗೂ ಬರತ್ತಾ?

ಉತ್ತರ: ತೊಂದ್ರೆ ಇದೆ. ರೇಟ್ ಎಷ್ಟೇ ಕಮ್ಮಿ ಇದ್ರೂ ಆ ಬೋರ್ಡ್ ಮೆಂಬರ್ ಆಯ್ಕೇಲೂ ಮಂಜೂರಾತೀಲೂ ಇರೋ ಹಾಗಿಲ್ಲ, ಸಂಬಂಧಾನ ಬರವಣಿಗೇಲಿ ಹೇಳ್ಬೇಕು, ಬೇರೆ ಅಂಗಡಿಗಳ ಕೊಟೇಷನ್ನೂ ಫೈಲಲ್ಲಿ ಇರ್ಬೇಕು, ಜೊತೆಗೆ ಕ್ಯಾಲಿಫೋರ್ನಿಯಾದ ಹಿತಾಸಕ್ತಿ ಸಂಘರ್ಷದ ಕಾನೂನು ಫೆಡರಲ್‌ಗಿಂತ ಬಿಗಿ, ಚಾರ್ಟರ್‌ಗಳಿಗೂ ಅನ್ವಯ ಆಗತ್ತೆ. ನನ್ನ ಅಭಿಪ್ರಾಯ ಕೇಳಿದ್ರೆ ಬೇರೆ ಅಂಗಡೀಲೇ ತಗೊಳ್ಳಿ, ಉಳಿಯೋ ನಾಲ್ಕು ಕಾಸಿಗೆ ಸ್ಕೂಲಿನ ಹೆಸರು ಕೆಡಿಸ್ಕೋಬೇಡಿ.

2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಹೊಸ ನಿಯಮದಲ್ಲಿ ಎಕ್ವಿಪ್‌ಮೆಂಟ್ ಅನ್ನಿಸ್ಕೊಳ್ಳೋ ಮಿತಿ ಒಂದು ಸಾಮಾನಿಗೆ 5,000 ಡಾಲರ್ ಇದ್ದಿದ್ದು 10,000 ಆಯ್ತು, ಹಾಗಾಗಿ ಕ್ರೋಮ್‌ಬುಕ್ ಸಪ್ಲೈ ಲೆಕ್ಕಕ್ಕೆ ಬರತ್ತೆ. ಹಾಗಂತ ಪಟ್ಟಿ ಇಡೋದು ಬಿಡ್ಬೇಡಿ, ಸೀರಿಯಲ್ ನಂಬರು, ಯಾವ ಗ್ರಾಂಟು, ಯಾವ ರೂಮು, ಇಷ್ಟಾದ್ರೂ ಇರ್ಲಿ. ಫೆಡರಲ್ ದುಡ್ಡು ವರ್ಷಕ್ಕೆ 10 ಲಕ್ಷ ಡಾಲರ್ ಅಥವಾ ಹೆಚ್ಚು ಖರ್ಚು ಮಾಡಿದ್ರೆ ಸಿಂಗಲ್ ಆಡಿಟ್, ಅಂದ್ರೆ ಎಲ್ಲಾ ಫೆಡರಲ್ ದುಡ್ಡನ್ನ ಒಟ್ಟಿಗೆ ನೋಡೋ ಆಡಿಟ್, ಕಡ್ಡಾಯ, ಮೊದಲು ಇದು ಏಳೂವರೆ ಲಕ್ಷಕ್ಕೇ ಇತ್ತು. ಎಲ್ಲಾ ಫೆಡರಲ್ ಗ್ರಾಂಟು, ಮಕ್ಕಳ ಊಟದ ದುಡ್ಡು ಸೇರಿಸಿ ಲೆಕ್ಕ ಹಾಕ್ಬೇಕು, ಇದನ್ನ ಮರೆಯೋರೇ ಜಾಸ್ತಿ.

ಆಫೀಸ್ ಖರ್ಚಿಗೆ ಅಂತ ಹಿಡಿಯೋ ಇಂಡೈರೆಕ್ಟ್ ರೇಟೂ 10ರಿಂದ 15 ಪರ್ಸೆಂಟ್‌ಗೆ ಏರಿದೆ ಅಂತ ಎಲ್ಲೆಡೆ ಓದಿರ್ತೀರಿ, ಆದ್ರೆ ಟೈಟಲ್ ಒನ್ ಥರ ರಾಜ್ಯದ ದುಡ್ಡಿನ ಬದಲಿಗೆ ಬಳಸ್ಬಾರದು ಅನ್ನೋ ಷರತ್ತಿರೋ ಗ್ರಾಂಟುಗಳಿಗೆ ಆ 15 ನಡೆಯಲ್ಲ, ಅಲ್ಲಿ ಬೇರೆ, ಕಮ್ಮಿ ರೇಟು. ಬಜೆಟ್ ಹಾಕೋ ಮುಂಚೆ ರಾಜ್ಯ ನಿಮಗೆ ಒಪ್ಪಿರೋ ರೇಟ್ ಯಾವುದು ಅಂತ ಕೇಳಿ.

ಪ್ರಶ್ನೆ: ನಾವು ಭಾನುವಾರ ಕನ್ನಡ ಕಲಿಸ್ತೀವಿ, ಎಲ್ಲಾ ವಾಲಂಟಿಯರ್‌ಗಳೇ. ನಮಗೂ ಈ ಚಾರ್ಟರ್ ಗ್ರಾಂಟ್ ಸಿಗತ್ತಾ?

ಉತ್ತರ: ಈಗಿರೋ ರೂಪದಲ್ಲಿ ಸಿಗಲ್ಲ. ಚಾರ್ಟರ್ ಅಂದ್ರೆ ಇಡೀ ದಿನದ ಸ್ಕೂಲು, ಯಾವ ಧರ್ಮಕ್ಕೂ ಸೇರಿರ್ಬಾರದು, ಯಾರು ಬೇಕಾದ್ರೂ ಬರಬಹುದು, ಸೀಟಿಗಿಂತ ಜಾಸ್ತಿ ಅರ್ಜಿ ಬಂದ್ರೆ ಲಾಟರಿ. ಭಾಷೆ ಮೇಲೆ ಕಟ್ಟಿರೋ ಚಾರ್ಟರ್‌ಗಳು ಇವೆ, 2006ರಲ್ಲಿ ಶುರುವಾದ ಮಿನಿಯಾಪೊಲಿಸ್‌ನ ಯಿಂಗ್‌ಹುವಾ ಅಕಾಡೆಮಿ ಚೀನೀ ಭಾಷೇಲಿ ಕಲಿಸತ್ತೆ, ಬ್ರೂಕ್ಲಿನ್‌ನಲ್ಲಿ 2009ರಿಂದ ಹೀಬ್ರೂ ಕಲಿಸೋ ಚಾರ್ಟರ್ ಇದೆ. ಅಲ್ಲಿ ಆ ಭಾಷೆ ಮನೇಲಿ ಆಡದ ಮಕ್ಕಳೂ ಕಲೀತಾರೆ. ಕನ್ನಡದವರ ಮಕ್ಕಳನ್ನಷ್ಟೇ ನಂಬ್ಕೊಂಡು ಅಂಥದ್ದೊಂದು ನಡೆಸೋಕಾಗಲ್ಲ, ನಿಮ್ಮ ಊರಲ್ಲಿ ಕನ್ನಡ ಕಲೀಬೇಕು ಅನ್ನೋ ಬೇರೆ ಮನೆಗಳು ಎಷ್ಟಿವೆ ಅಂತ ಮೊದಲು ವಿಚಾರಿಸಿ. ಅಲ್ಲೀವರೆಗೆ ನಿಮ್ಮ ಸ್ಕೂಲ್ ಡಿಸ್ಟ್ರಿಕ್ಟಿನೋರ ಹತ್ರ ಹೋಗಿ ಭಾನುವಾರದ ಕನ್ನಡ ಕ್ಲಾಸಿಗೆ ಹೈಸ್ಕೂಲ್ ಭಾಷಾ ಕ್ರೆಡಿಟ್ ಕೊಡ್ತೀರಾ ಅಂತ ಕೇಳಿ, ಅದಕ್ಕೆ ಪಠ್ಯ, ಹಾಜರಿ ಪುಸ್ತಕ, ಪರೀಕ್ಷೆ ದಾಖಲೆ ಕೇಳ್ತಾರೆ, ಈ ವರ್ಷದಿಂದಲೇ ಇಡೋಕೆ ಶುರು ಮಾಡಿ.